ಮೈದಾನದಿಂದ ಮನೆಯವರೆಗಿನ ದಾರಿ

ದಾವಣಗೆರೆ ಸುತ್ತಮುತ್ತಲಿನ ಹೈಸ್ಕೂಲುಗಳಲ್ಲಿ ಪಿ.ಟಿ. ಟೀಚರಾಗಿ ದುಡಿದು ನಿವೃತ್ತಳಾದವಳು ನಾನು. ಹುಡುಗಿಯರನ್ನು ಓಟಕ್ಕೆ, ಖೋ ಖೋಗೆ, ಕಬಡ್ಡಿಗೆ ಕಳಿಸಿ ಎಂದು ಕೇಳಲು ಎಷ್ಟೋ ಮನೆಗಳ ಕಟ್ಟೆಯ ಮೇಲೆ ಕೂತಿದ್ದೇನೆ. ಖಡಾಖಂಡಿತವಾಗಿ ಬೇಡ ಅಂದವರು ಕಡಿಮೆ. ಆದರೆ ಚಹಾ ಕುಡಿದು ಮುಗಿಸುವ ಹೊತ್ತಿಗೆ ಅಪ್ಪನೋ ಅಜ್ಜಿಯೋ ಒಂದು ಷರತ್ತು ಹಾಕುತ್ತಿದ್ದರು: "ಆಡ್ಲಿ ಮೇಡಂ, ಬ್ಯಾಡ ಅನ್ನಲ್ಲ. ಗ್ರೌಂಡ್ನಾಗ ಏನಾರ ಹಾಕ್ಕಳ್ಳಿ. ಆ ಚಡ್ಡಿ ಹಾಕ್ಕಂಡು ಬೀದ್ಯಾಗ ಮಾತ್ರ ಬರಬಾರ್ದು ನೋಡ್ರಿ."

ಅವರ ತಕರಾರು ಬಟ್ಟೆಗಿಂತ ಹೆಚ್ಚಾಗಿ ದಾರಿಯ ಬಗ್ಗೆ. ಮೈದಾನದ ಒಳಗೆ ಸರಿ ಅನ್ನಿಸಿದ ಉಡುಪು ಗೇಟು ದಾಟಿದ ಕೂಡಲೇ ತಪ್ಪಾಗುತ್ತದೆ. ಆ ಗೆರೆ ಎಲ್ಲಿರಬೇಕು, ಅದನ್ನು ಯಾರು ಎಳೆಯಬೇಕು ಎಂಬ ಜಗಳ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಇಂಗ್ಲೆಂಡಿನ ಒಂದು ಹಳ್ಳಿ ಹೋಟೆಲಿನಿಂದ ಹೊರಟು ನ್ಯಾಯಾಲಯದ ಮೆಟ್ಟಿಲು ಹತ್ತಿತ್ತು. ಆ ಪ್ರಸಂಗ ಓದಿದಾಗಲೆಲ್ಲ ನನಗೆ ನಮ್ಮ ಕಡೆಯ ಕಟ್ಟೆಗಳ ಮೇಲಿನ ಮಾತೇ ಕೇಳಿಸುತ್ತದೆ.

ಊರು ಸರ್ರೆ ಪ್ರಾಂತ್ಯದ ಆಕಮ್. 1898ರ ಅಕ್ಟೋಬರ್ 27ರಂದು 55 ವರ್ಷದ ಹೆಂಗಸೊಬ್ಬರು ಸೈಕಲ್ ತುಳಿದುಕೊಂಡು ಬಂದು ಅಲ್ಲಿನ ಹಾಟ್‌ಬಾಯ್ ಹೋಟೆಲಿನ ಮುಂದೆ ಇಳಿದರು. ಹೆಸರು ಫ್ಲಾರೆನ್ಸ್ ಹಾರ್ಬರ್ಟನ್, ವೈಕೌಂಟ್ ಮನೆತನದ ಒಡತಿ. ಮೇಲೆ ಕೋಟು, ಕೆಳಗೆ ದೊಗಳೆ ಚಲ್ಲಣ. ಹಸಿವಾಗಿತ್ತು. ಕಾಫಿ ರೂಮಿಗೆ ಹೋಗಿ ಊಟ ಕೇಳಿದರು. ಹೋಟೆಲು ನಡೆಸುತ್ತಿದ್ದ ಶ್ರೀಮತಿ ಸ್ಪ್ರೇಗ್, ಹಾರ್ಬರ್ಟನ್ ಅವರ ಉಡುಪು ನೋಡಿ, ಈ ವೇಷದಲ್ಲಿ ಬಂದವರಿಗೆ ಇಲ್ಲಿ ಜಾಗವಿಲ್ಲ, ಬೇಕಾದರೆ ಬಾರಿನ ಪಕ್ಕದ ಕೋಣೆಯಲ್ಲಿ ಕೂತು ತಿನ್ನಿ ಎಂದರು. ಅದು ಗಂಡಸರು ಹೊಗೆಸೊಪ್ಪು ಸೇದುತ್ತ ಕುಡಿಯುವ ಜಾಗ. ಹಾರ್ಬರ್ಟನ್ ಅಲ್ಲಿ ಕೂರಲು ಒಪ್ಪದೆ ಹೊರಟುಬಿಟ್ಟರು.

ಆ ಚಲ್ಲಣದಲ್ಲಿ ಕಂಡದ್ದಾದರೂ ಏನು ಎಂದು ಇವತ್ತಿನ ಹುಡುಗಿಯರು ಕೇಳಬಹುದು. ಮೈ ಪೂರ್ತಿ ಮುಚ್ಚಿತ್ತು. ಆದರೆ ನೆಲ ಗುಡಿಸುವಷ್ಟು ಉದ್ದನೆಯ ಲಂಗ ತೊಡುತ್ತಿದ್ದ ಕಾಲದಲ್ಲಿ ಹೆಂಗಸಿಗೆ ಎರಡು ಕಾಲುಗಳಿವೆ, ಅವು ಬೇರೆ ಬೇರೆಯಾಗಿ ಆಡುತ್ತವೆ ಎಂಬುದು ಕಣ್ಣಿಗೆ ಬೀಳುವುದೇ ಅತಿಯಾಗಿತ್ತು. ಇಷ್ಟು ಬಟ್ಟೆ ಸಭ್ಯ, ಇದಕ್ಕಿಂತ ಕಡಿಮೆ ಅಸಭ್ಯ ಎಂದು ಹೇಳುವವರು ಇದನ್ನೊಮ್ಮೆ ನೆನೆಯಬೇಕು. ಅಳತೆಗೋಲು ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ, ಅಳೆಯುವ ಚಟ ಮಾತ್ರ ಹಾಗೇ ಉಳಿದಿದೆ. 1922ರಲ್ಲಿ ಅಮೆರಿಕದ ವಾಷಿಂಗ್ಟನ್ನಿನ ಸ್ನಾನದ ದಡದಲ್ಲಿ ಈಜುಡುಪು ಮಂಡಿಯಿಂದ ಆರು ಅಂಗುಲಕ್ಕಿಂತ ಮೇಲಿರಬಾರದು ಎಂಬ ಆಜ್ಞೆ ಹೊರಟಿತ್ತು. ಕಾವಲಿನವನೊಬ್ಬ ಮಂಡಿಯೂರಿ ಹೆಂಗಸರ ತೊಡೆಗೆ ಟೇಪು ಹಿಡಿದು ಅಳೆಯುವ ಫೋಟೋ ಇಂದಿಗೂ ಇದೆ. ಅದನ್ನು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮೈಯನ್ನು ಕಾಪಾಡುವ ನೆಪದಲ್ಲಿ ಮೈ ಮುಟ್ಟಲು ಹಕ್ಕು ಕೊಟ್ಟ ಕಾನೂನು ಅದು.

ಹಾರ್ಬರ್ಟನ್ ಅಂದು ಅಕಸ್ಮಾತ್ತಾಗಿ ಆ ವೇಷದಲ್ಲಿ ಬಂದವರಲ್ಲ. 1881ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ರ‍್ಯಾಷನಲ್ ಡ್ರೆಸ್ ಸೊಸೈಟಿಯ ಅಧ್ಯಕ್ಷೆ ಅವರೇ. ಆ ಸಂಘದ ಒಂದು ನಿಯಮ ನನಗೆ ತುಂಬ ಹಿಡಿಸಿದೆ: ಹೆಂಗಸಿನ ಒಳ ಉಡುಪುಗಳ ಒಟ್ಟು ತೂಕ ಏಳು ಪೌಂಡು ಮೀರಬಾರದು. ಅಂದರೆ ಮೂರು ಕಿಲೋಗಿಂತ ಸ್ವಲ್ಪ ಹೆಚ್ಚು. ಸುಧಾರಣೆ ಬೇಕೆಂದವರೇ ಇಷ್ಟಕ್ಕೆ ಒಪ್ಪಿದ್ದರು ಅಂದಮೇಲೆ ಉಳಿದವರು ಎಷ್ಟು ಹೊರುತ್ತಿದ್ದರೋ! ನಮ್ಮಲ್ಲಿ ಗುಂಡು ಎಸೆತದ ಹುಡುಗಿಯರು ಎಸೆಯುವ ಗುಂಡು ಮೂರು ನಾಲ್ಕು ಕಿಲೋ ಇರುತ್ತದೆ. ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಮೆಟ್ಟಿಲು ಹತ್ತಿ ನೋಡಿದರೆ ತಿಳಿಯುತ್ತದೆ.

ಅದಕ್ಕೂ ಮುಂಚೆ 1851ರಲ್ಲಿ ಅಮೆರಿಕದ ಸೆನೆಕಾ ಫಾಲ್ಸ್‌ನಲ್ಲಿ ಎಲಿಜಬೆತ್ ಸ್ಮಿತ್ ಮಿಲ್ಲರ್ ಗಿಡ್ಡ ಲಂಗದ ಕೆಳಗೆ ತುರ್ಕಿ ಪೈಜಾಮ ತೊಟ್ಟು ಓಡಾಡಿದ್ದರು. ಅಮೀಲಿಯಾ ಬ್ಲೂಮರ್ ತಮ್ಮ ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದದ್ದರಿಂದ ಉಡುಪಿಗೆ ಅವರ ಹೆಸರೇ ಅಂಟಿತು. ಮತದಾನದ ಹಕ್ಕಿಗೆ ಹೋರಾಡಿದ ಎಲಿಜಬೆತ್ ಕೇಡಿ ಸ್ಟಾಂಟನ್ ಕೂಡ ಅದನ್ನು ತೊಟ್ಟರು. ದೂರದ ಶಾಲೆಯಲ್ಲಿ ಓದುತ್ತಿದ್ದ ಅವರ ಮಗನೇ, ಈ ಉಡುಪಿನಲ್ಲಿ ನನ್ನನ್ನು ನೋಡಲು ಬರಬೇಡಮ್ಮ ಎಂದ. ಬೀದಿಯ ಗೇಲಿ ತಾಳಲಾರದೆ ಕೆಲವೇ ವರ್ಷಗಳಲ್ಲಿ ಹೆಚ್ಚಿನವರು ಉದ್ದ ಲಂಗಕ್ಕೆ ಮರಳಿದರು. ಬರಿಯ ವಾದದಿಂದ ಆಗದ ಕೆಲಸವನ್ನು ಮುಂದೆ ಒಂದು ಯಂತ್ರ ಮಾಡಿತು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿಯ ಸೇಫ್ಟಿ ಸೈಕಲ್, 1888ರಲ್ಲಿ ಡನ್‌ಲಪ್‌ನ ಗಾಳಿ ಟಯರು. ಹೆಂಗಸರು ಊರ ಹೊರಗೆ ಹೋಗತೊಡಗಿದರು, ಲಂಗ ಚೈನಿಗೆ ಸಿಕ್ಕಿ ಬೀಳತೊಡಗಿದರು. ಬೇರೆ ಉಡುಪು ಬೇಕು ಎಂಬುದಕ್ಕೆ ಆಮೇಲೆ ಭಾಷಣ ಬೇಕಾಗಲಿಲ್ಲ.

ಹೋಟೆಲಿನ ವಿಷಯಕ್ಕೆ ಬರುತ್ತೇನೆ. ಸೈಕಲ್ ಯಾತ್ರಿಕರ ಸಂಘವಾದ ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಈ ಪ್ರಕರಣ ಕೈಗೆತ್ತಿಕೊಂಡಿತು. ದಾರಿಹೋಕರಿಗೆ ತಕ್ಕ ಕಾರಣವಿಲ್ಲದೆ ಅನ್ನ, ಆಸರೆ ನಿರಾಕರಿಸಬಾರದು ಎಂಬುದು ಅಲ್ಲಿನ ಹಳೆಯ ಕಾನೂನು. 1899ರ ಏಪ್ರಿಲ್‌ನಲ್ಲಿ ಕಿಂಗ್‌ಸ್ಟನ್‌ನಲ್ಲಿ ಜ್ಯೂರಿಯ ಮುಂದೆ ವಿಚಾರಣೆ ನಡೆಯಿತು. ಎರಡೂ ಕೋಣೆಗಳ ಫೋಟೋಗಳನ್ನು ಸಾಕ್ಷಿಯಾಗಿ ತೋರಿಸಿದರು. ಜ್ಯೂರಿ ಶ್ರೀಮತಿ ಸ್ಪ್ರೇಗ್ ನಿರ್ದೋಷಿ ಎಂದಿತು. ಅವರು ಊಟ ಕೊಡುವುದಿಲ್ಲ ಅಂದಿರಲಿಲ್ಲ, ಬೇರೆ ಕೋಣೆಯಲ್ಲಿ ಕೊಡುತ್ತೇನೆ ಅಂದಿದ್ದರು, ಆದ್ದರಿಂದ ತಪ್ಪಿಲ್ಲ. ಹೆಂಗಸು ಚಲ್ಲಣ ತೊಟ್ಟು ಎಲ್ಲರ ಜೊತೆ ಕೂರಬಹುದೇ ಎಂಬ ಪ್ರಶ್ನೆಗೆ ಯಾರೂ ಉತ್ತರ ಹೇಳಬೇಕಾಗಿ ಬರಲಿಲ್ಲ.

ಬೇರೆ ಕೋಣೆ ತೋರಿಸುವ ಈ ಉಪಾಯದ ಮೇಲೆ ನನಗಿರುವಷ್ಟು ಕೋಪ ನೇರವಾಗಿ ಬೇಡ ಅನ್ನುವವರ ಮೇಲಿಲ್ಲ. ಬೇಡ ಅಂದವರ ಜೊತೆ ವಾದ ಮಾಡಬಹುದು. ಬೇಡ ಅಂದಿಲ್ಲವಲ್ಲ ಎನ್ನುವವರ ಜೊತೆ ಮಾಡುವುದು ಹೇಗೆ?

ಜ್ಯೂರಿ ತಪ್ಪಿಸಿಕೊಂಡ ಪ್ರಶ್ನೆಯನ್ನು ದರ್ಜಿಗಳು ತಪ್ಪಿಸಿಕೊಳ್ಳುವಂತಿರಲಿಲ್ಲ. ಲಂಡನ್ನಿನ ಬ್ರಿಕ್ಸ್‌ಟನ್ನಿನಲ್ಲಿ ಆಲಿಸ್ ಬೈಗ್ರೇವ್ ಎಂಬ ಬಟ್ಟೆ ಹೊಲಿಯುವಾಕೆ ಇದ್ದರು. ಅವರು 1895ರಲ್ಲಿ ಒಂದು ಸೈಕಲ್ ಲಂಗಕ್ಕೆ ಪೇಟೆಂಟ್ ಪಡೆದರು. ಲಂಗದ ಹೊಲಿಗೆಯೊಳಗೆ ದಾರ, ರಾಟೆಗಳನ್ನು ಅಡಗಿಸಿಟ್ಟಿದ್ದರು. ಸೊಂಟದ ಹತ್ತಿರ ದಾರ ಎಳೆದರೆ ಮುಂದಿನ, ಹಿಂದಿನ ಸೆರಗುಗಳು ನೆರಿಗೆಗಟ್ಟಿ ಮೇಲೇರುತ್ತವೆ, ಒಳಗಿನ ಚಲ್ಲಣದಲ್ಲಿ ಸೈಕಲ್ ಹತ್ತಬಹುದು. ಇಳಿದು ದಾರ ಬಿಟ್ಟರೆ ಮತ್ತೆ ಪಾದ ಮುಚ್ಚುವ ಲಂಗ. ಜೇಗರ್ ಕಂಪನಿ ಅದನ್ನು ತಯಾರಿಸಿ ಮಾರಿತು. ಗೆರೆ ಅಳಿಸಲು ಕೈಲಾಗದ ಕಾಲದಲ್ಲಿ ಗೆರೆಯ ಎರಡೂ ಕಡೆ ಬದುಕುವ ಬಟ್ಟೆ ಹೊಲಿದವರು ಅವರು. ಈ ಚರಿತ್ರೆಯಲ್ಲಿ ನನಗೆ ಎಲ್ಲರಿಗಿಂತ ಹತ್ತಿರದವರು ಆಲಿಸ್ ಬೈಗ್ರೇವರೇ.

ಯಾಕೆಂದರೆ ನಾವೂ ಅದನ್ನೇ ಮಾಡಿದೆವು. ನನ್ನ ಹುಡುಗಿಯರು ಮನೆಯಿಂದ ಬರುವಾಗ ಲಂಗದ ಒಳಗೆ, ಆಮೇಲಿನ ವರ್ಷಗಳಲ್ಲಿ ಚೂಡಿದಾರದ ಒಳಗೆ, ಚಡ್ಡಿ ಹಾಕಿಕೊಂಡೇ ಬರುತ್ತಿದ್ದರು. ಹೆಸರು ಕೂಗಿದ ಮೇಲೆ ಓಟದ ಗೆರೆಯ ಹತ್ತಿರ ಮೇಲಿನದನ್ನು ಬಿಚ್ಚಿ ಗೆಳತಿಯ ಕೈಗೆ ಕೊಡುವುದು, ಓಡಿ ಮುಗಿಸಿದ ಕೂಡಲೇ ಏದುಸಿರು ಬಿಡುತ್ತಲೇ ಮತ್ತೆ ಸುತ್ತಿಕೊಳ್ಳುವುದು. ನನ್ನ ಬ್ಯಾಗಿನಲ್ಲಿ ವಿಸಲ್ಲು, ಸ್ಟಾಪ್‌ವಾಚು, ಅಯೋಡೆಕ್ಸ್ ಜೊತೆ ಒಂದು ಹಳೇ ಸೀರೆ ಸದಾ ಇರುತ್ತಿತ್ತು. ಬಟ್ಟೆ ಬದಲಿಸುವವಳ ಸುತ್ತ ನಾಲ್ವರು ಅದನ್ನು ಮರೆಯಾಗಿ ಹಿಡಿಯುತ್ತಿದ್ದರು. ಗೆದ್ದವಳಿಗೆ ಸರ್ಟಿಫಿಕೇಟ್ ಕೊಡುವಾಗಲೂ ಮೊದಲು ಮೈ ಮುಚ್ಚಿಕೊಂಡು ಬಾ ಎಂದು ವೇದಿಕೆಯ ಮೇಲಿಂದ ಹೇಳಿದವರಿದ್ದಾರೆ. ಅದೇ ವೇದಿಕೆಗೆ ಬನಿಯನ್ನು, ಚಡ್ಡಿಯಲ್ಲೇ ಹತ್ತಿದ ಹುಡುಗನಿಗೆ ಯಾರೂ ಏನೂ ಅನ್ನಲಿಲ್ಲ.

ಗಂಡಸರ ವ್ಯಾಯಾಮದ ಮೈ ನಮ್ಮೂರಿಗೆ ಹೊಸತಲ್ಲ. ದುಗ್ಗಮ್ಮನ ಜಾತ್ರೆಯ ಕುಸ್ತಿಯಲ್ಲಿ ಕಾಚ ಬಿಗಿದ ಪೈಲ್ವಾನರ ಮೈಗೆ ಸಾವಿರಾರು ಜನ ಚಪ್ಪಾಳೆ ತಟ್ಟುತ್ತಾರೆ, ತಟ್ಟಬೇಕು ಕೂಡ. ವರ್ಷಗಟ್ಟಲೆ ಸಾಮು ಮಾಡಿ ಕಟ್ಟಿದ ಮೈ ಅದು. ಗರಡಿಗೆ ಅದರದೇ ಶಿಸ್ತಿದೆ: ಹನುಮಪ್ಪನಿಗೆ ಕೈಮುಗಿದು ಕೆಮ್ಮಣ್ಣಿಗೆ ಇಳಿಯಬೇಕು, ಹೊರಗೆ ಬರುವಾಗ ಪಂಚೆ ಸುತ್ತಿಕೊಳ್ಳಬೇಕು. ಆದರೆ ಪಂಚೆ ಮರೆತು ಬಾವಿಕಟ್ಟೆಯ ತನಕ ಕಾಚದಲ್ಲೇ ನಡೆದ ಪೈಲ್ವಾನನ ಅಪ್ಪನಿಗೆ ಊರವರು ದೂರು ಹೇಳಿದ್ದನ್ನು ನಾನು ಕೇಳಿಲ್ಲ. ಹೆಂಗಸರಿಗೋ ಗರಡಿಯ ಬಾಗಿಲೇ ತೆರೆದಿರಲಿಲ್ಲ.

ಕ್ರೀಡಾಂಗಣದೊಳಗೂ ಹೆಂಗಸರನ್ನು ಅಳೆಯುವ ನೋಟ ಬಿಟ್ಟಿದ್ದಿಲ್ಲ. 1980ರ ದಶಕದಲ್ಲಿ ಕೊಡಗಿನ ಅಶ್ವಿನಿ ನಾಚಪ್ಪ ಪಿ.ಟಿ. ಉಷಾ ಅವರನ್ನೇ ಹಿಂದೆ ಹಾಕಿ ಓಡಿದವರು. ಬೆಡಗಿನ ಓಟದುಡುಪಿಗೂ ಹೆಸರಾದ ಅಮೆರಿಕದ ಓಟಗಾರ್ತಿಯ ಹೆಸರಿನಲ್ಲಿ ಅವರಿಗೆ ಸಿಕ್ಕ ಬಿರುದು ಭಾರತದ ಫ್ಲೋ ಜೋ. ಅದರಲ್ಲಿ ಅವರ ಕಾಲಿನ ವೇಗದಷ್ಟೇ, ನನ್ನ ಮಟ್ಟಿಗೆ ಅದಕ್ಕಿಂತ ಹೆಚ್ಚಾಗಿ, ಅವರ ಉಡುಪು, ರೂಪಗಳ ಮಾತಿತ್ತು. ಆದರೂ ಪತ್ರಿಕೆಯಿಂದ ಕತ್ತರಿಸಿದ ಅವರ ಚಿತ್ರವನ್ನು ನೋಟ್‌ಬುಕ್ಕಿನಲ್ಲಿಟ್ಟುಕೊಂಡ ಹುಡುಗಿಯರು ಗಮನಿಸಿದ್ದು ಬೇರೆಯದನ್ನು. "ಮೇಡಂ, ಇವ್ರ ತೊಡಿ ನೋಡ್ರಿ, ಎಷ್ಟು ಗಟ್ಟಿ ಅದಾವು!" ಅನ್ನುತ್ತಿದ್ದರು. ಅಂಥ ಮೆಚ್ಚುಗೆ ನನಗೆ ಬಹಳ ಆರೋಗ್ಯಕರವಾಗಿ ಕಂಡಿತು.

ಬಟ್ಟೆಯ ಚರಿತ್ರೆಯಲ್ಲೂ ಎರಡು ಮುಖ್ಯ ತಿರುವುಗಳಿವೆ. 1958ರಲ್ಲಿ ಡುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ರೂಪಿಸಿದ ಲೈಕ್ರಾ ನೂಲು ಮೊದಲು ಬಳಕೆಗೆ ಬಂದದ್ದು ಹೆಂಗಸರ ಸೊಂಟ ಬಿಗಿಯುವ ಒಳ ಉಡುಪಿಗೆ. ಮೈಯನ್ನು ಅದುಮಿಡಲು ನೂತ ನೂಲು ಮುಂದೆ ಮೈ ಬಾಗಿದ ಕಡೆಗೆಲ್ಲ ಬಾಗುವ ಲೆಗ್ಗಿಂಗ್ಸ್ ಆಯಿತು. 1982ರಲ್ಲಿ ನಟಿ ಜೇನ್ ಫಾಂಡಾರ ವ್ಯಾಯಾಮದ ವಿಡಿಯೋ ಬಂದ ಮೇಲೆ ಅದು ನೃತ್ಯಶಾಲೆ ಬಿಟ್ಟು ಮನೆಯ ಹಾಲಿಗೆ, ಅಲ್ಲಿಂದ ಅಂಗಡಿ ಬೀದಿಗೆ ಬಂತು. ಇನ್ನೊಂದು 1977ರದು. ವರ್ಮಾಂಟ್‌ನಲ್ಲಿ ಲಿಸಾ ಲಿಂಡಾಲ್, ಪಾಲಿ ಸ್ಮಿತ್, ಹಿಂಡಾ ಮಿಲ್ಲರ್ ಎಂಬ ಮೂವರು ಗಂಡಸರ ಎರಡು ಸಪೋರ್ಟರುಗಳನ್ನು ಸೇರಿಸಿ ಹೊಲಿದು ಮೊದಲ ಸ್ಪೋರ್ಟ್ಸ್ ಬ್ರಾ ಮಾಡಿದರು. ಓಡುವಾಗ ಎದೆ ನೋಯುತ್ತಿತ್ತು, ಅಷ್ಟೇ ಅದರ ಹಿಂದಿನ ಕಾರಣ. ನೋವಿಗೆ ಹೆದರಿ ಕೈ ಕಟ್ಟಿಕೊಂಡು ಓಡುತ್ತಿದ್ದ ಹುಡುಗಿಯರನ್ನು ನೋಡಿದ ನನಗೆ ಆ ಹೊಲಿಗೆಯ ಬೆಲೆ ಗೊತ್ತು.

ಕಡಿಮೆ ಬಟ್ಟೆಗೆ ಮಾತ್ರ ಆಕ್ಷೇಪ ಬರುತ್ತದೆ ಅಂದುಕೊಳ್ಳಬೇಡಿ. 2011ರಲ್ಲಿ ವಿಶ್ವ ಬ್ಯಾಡ್ಮಿಂಟನ್ ಫೆಡರೇಷನ್ ಆಟಗಾರ್ತಿಯರು ಸ್ಕರ್ಟ್ ತೊಡಲೇಬೇಕು ಎಂದಿತ್ತು, ಪ್ರತಿಭಟನೆಯ ನಂತರ ಕೈಬಿಟ್ಟಿತು.  2021ರಲ್ಲಿ ನಾರ್ವೆಯ ಬೀಚ್ ಹ್ಯಾಂಡ್‌ಬಾಲ್ ತಂಡ ಬಿಕಿನಿ ಚಡ್ಡಿಯ ಬದಲು ಸ್ವಲ್ಪ ಉದ್ದದ ಚಡ್ಡಿ ತೊಟ್ಟದ್ದಕ್ಕೆ 1500 ಯೂರೋ ದಂಡಕ್ಕೆ ಗುರಿಯಾಯಿತು. ಮುಚ್ಚಿಕೋ ಅನ್ನುವ ದನಿ, ತೋರಿಸು ಅನ್ನುವ ದನಿ ಎರಡೂ ಒಂದೇ ಗಂಟಲಿನಿಂದ ಬರುತ್ತವೆ.

2020ರ ಸೆಪ್ಟೆಂಬರ್ 4ರಂದು ಬೆಂಗಳೂರಿನ ಅಗರ ಕೆರೆಯ ಉದ್ಯಾನದಲ್ಲಿ ನಟಿ ಸಂಯುಕ್ತಾ ಹೆಗ್ಡೆ ಗೆಳತಿಯರ ಜೊತೆ ಹೂಲಾ ಹೂಪ್ ಹಿಡಿದು ವ್ಯಾಯಾಮ ಮಾಡುತ್ತಿದ್ದರು. ಸ್ಪೋರ್ಟ್ಸ್ ಬ್ರಾ ತೊಟ್ಟಿದ್ದರು. ಸಾರ್ವಜನಿಕ ಜಾಗದಲ್ಲಿ ಈ ಉಡುಪೇ ಎಂದು ಮಹಿಳೆಯೊಬ್ಬರು ಜಗಳ ತೆಗೆದರು, ಜನ ಸೇರಿದರು, ಪೊಲೀಸರು ಬಂದರು. ಮೊಬೈಲಿನಲ್ಲಿ ಹಿಡಿದ ದೃಶ್ಯ ದೇಶವೆಲ್ಲ ಹರಡಿತು. ಕೆಲವೇ ದಿನಗಳಲ್ಲಿ ಆ ಮಹಿಳೆ ಬಹಿರಂಗವಾಗಿ ಕ್ಷಮೆ ಕೇಳಿದರು, ನಟಿ ಒಪ್ಪಿಕೊಂಡರು. ಇಬ್ಬರೂ ದೊಡ್ಡತನ ತೋರಿಸಿದರು ಎಂದೇ ನಾನು ತಿಳಿದಿದ್ದೇನೆ. ವ್ಯಾಯಾಮಕ್ಕೆಂದೇ ಜನ ಬರುವ ಉದ್ಯಾನ ಅದು. ಅಲ್ಲೂ ಅವರಿಗೆ ಬೇರೆ ಕೋಣೆ ತೋರಿಸುವ ಪ್ರಯತ್ನ ನಡೆಯಿತಲ್ಲ ಎಂಬುದೇ ನನ್ನ ಸಂಕಟ.

ಹಾರ್ಬರ್ಟನ್ ಬೆನ್ನಿಗೆ ಮನೆತನ, ಕ್ಲಬ್ಬು, ವಕೀಲರಿದ್ದರು. ಸಂಯುಕ್ತಾ ಕೈಯಲ್ಲಿ ಫೋನಿತ್ತು, ಹೆಸರಿತ್ತು. ಹರಿಹರ, ಜಗಳೂರು, ಹರಪನಹಳ್ಳಿ ಕಡೆಯ ಹಳ್ಳಿಗಳಿಂದ ಬಸ್ಸು ಹತ್ತಿ ಬರುವ ಹುಡುಗಿಗೆ ಇವೇನೂ ಇಲ್ಲ. ಅವಳಿಗೆ ಯಾರಾದರೂ ಏನಾದರೂ ಅಂದರೆ ಅದು ಸುದ್ದಿಯಾಗುವುದಿಲ್ಲ, ಮಾರನೆಯ ದಿನದಿಂದ ಅವಳು ಬರುವುದಿಲ್ಲ ಅಷ್ಟೆ. ಆದ್ದರಿಂದ ಈಗಲೂ ತಾಲ್ಲೂಕು ಕ್ರೀಡಾಕೂಟಕ್ಕೆ ತೀರ್ಪುಗಾರ್ತಿಯಾಗಿ ಕರೆದರೆ ಬೆಳಿಗ್ಗೆ ಬೇಗ ಹೋಗುತ್ತೇನೆ. ಟ್ರ್ಯಾಕಿಗೆ ಸುಣ್ಣ ಹಾಕುವ ಮೊದಲೇ ಸಂಘಟಕರನ್ನು ಎರಡು ಮಾತು ಕೇಳುತ್ತೇನೆ: ಹುಡುಗಿಯರು ಬಟ್ಟೆ ಬದಲಿಸುವ ಕೋಣೆ ಯಾವುದು, ಅದರ ಬೀಗದ ಕೈ ಯಾರ ಹತ್ತಿರ ಇದೆ. ಓಡಿದ ಉಡುಪಿನಲ್ಲೇ ಬಹುಮಾನ ತೆಗೆದುಕೊಳ್ಳಲು ಬರುವವಳನ್ನು ಯಾರೂ ತಡೆಯಬಾರದು ಎಂದೂ ಮೈಕು ಹಿಡಿಯುವ ಮಾಸ್ತರಿಗೆ ಮೊದಲೇ ಹೇಳಿಟ್ಟಿರುತ್ತೇನೆ.