ಮುಟ್ಟುಗೋಲೋ, ಸ್ವಾಧೀನವೋ? ತಾತಗುಣಿಯ ರೋರಿಕ್ ಸ್ವತ್ತನ್ನು ಕುರಿತು ಒಂದು ವಿಚಾರ

ತಂದೆಯ ಚಿತ್ರಸಂಗ್ರಹವನ್ನು ರಷ್ಯದ ಕ್ರಾಂತಿಸರಕಾರವೂ ಮಗನ ಎಸ್ಟೇಟನ್ನು ಕರ್ನಾಟಕ ಸರಕಾರವೂ ಮುಟ್ಟುಗೋಲು ಹಾಕಿಕೊಂಡವು ಎಂಬ ಮಾತು, ರೋರಿಕ್ ಮನೆತನದ ಪ್ರಸ್ತಾಪ ಬಂದೆಡೆಯಲ್ಲಿ ಆಗಾಗ ಕಿವಿಗೆ ಬೀಳುವುದುಂಟು. ಕೇಳುವುದಕ್ಕೆ ಸೊಗಸಾದ ಈ ಮಾತನ್ನು ಒಪ್ಪುವುದಕ್ಕೆ ನನಗಿರುವ ಅಡ್ಡಿಯನ್ನು ಇಲ್ಲಿ ನಿವೇದಿಸುತ್ತೇನೆ.

ಸಂಗತಿಗಳಲ್ಲಿ ವಿವಾದವಿಲ್ಲ. ರಷ್ಯದ ಚಿತ್ರಕಾರ ನಿಕೊಲಾಸ್ ರೋರಿಕ್ 1917ರ ಮಾರ್ಚಿಯಲ್ಲಿ, ಕಲಾನಿಧಿಗಳ ರಕ್ಷಣೆಗೆಂದು ಸಾಹಿತಿ ಗಾರ್ಕಿಯ ಸುತ್ತ ನೆರೆದ ಕಲಾವಿದರ ಸಮಿತಿಯಲ್ಲಿದ್ದವನು. ಅನಂತರ ಅವನು ಫಿನ್ಲೆಂಡಿನ ಕಡೆ ಉಳಿದುಬಿಡಲು, ಪೆಟ್ರೋಗ್ರಾಡಿನಲ್ಲಿದ್ದ ಅವನ ಡಚ್ ಮತ್ತು ಫ್ಲೆಮಿಷ್ ಚಿತ್ರಗಳು ರಾಷ್ಟ್ರೀಕೃತವಾಗಿ ಹಲವು ಹರ್ಮಿಟೇಜ್ ಸಂಗ್ರಹಾಲಯವನ್ನು ಸೇರಿದವು. ಅವನ ಮಗ, ಚಿತ್ರಕಾರನೇ ಆದ ಸ್ವೆಟೊಸ್ಲಾವ್, ಪತ್ನಿ, ಚಲನಚಿತ್ರ ನಟಿ ದೇವಿಕಾರಾಣಿಯವರೊಡನೆ ಬೆಂಗಳೂರಿನ ತಾತಗುಣಿಯಲ್ಲಿ ನೆಲೆಸಿ 1993ರ ಜನವರಿಯಲ್ಲಿ ತೀರಿಕೊಂಡರು; ಮರುವರ್ಷ ಮಾರ್ಚಿಯಲ್ಲಿ ದೇವಿಕಾರಾಣಿಯವರೂ ಗತಿಸಿದರು. 1996ರ ಅಧಿನಿಯಮದ ಮೂಲಕ ಸುಮಾರು 470 ಎಕರೆಯ ಎಸ್ಟೇಟು, ಚಿತ್ರಪಟಗಳೂ ಸೇರಿದಂತೆ, ಐದು ಕೋಟಿ ರೂಪಾಯಿಗಳ ಪರಿಹಾರಕ್ಕೆ, ಸರಕಾರದಲ್ಲಿ ನಿಹಿತವಾಯಿತು. ಅದರ ಒಂದು ಭಾಗ ತನ್ನದೆಂದು ವಾದಿಸಿದ ಕಂಪನಿಯ ಮೊಕದ್ದಮೆಯನ್ನು, ಅಂದರೆ ಕೆ.ಟಿ. ಪ್ಲಾಂಟೇಷನ್ ಪ್ರಕರಣವನ್ನು, ಸರ್ವೋಚ್ಚ ನ್ಯಾಯಾಲಯದ ಸಂವಿಧಾನಪೀಠವು 2011ರ ಆಗಸ್ಟ್ 9ರಂದು ತೀರ್ಮಾನಿಸಿ ಅಧಿನಿಯಮವನ್ನು ಎತ್ತಿಹಿಡಿಯಿತು.

ಮುಟ್ಟುಗೋಲಿಗೂ ಸ್ವಾಧೀನಕ್ಕೂ ಪರಿಹಾರಧನವೇ ಗೆರೆಯೆಂದು ಹೇಳಿ ವಾದವನ್ನು ಮುಗಿಸಿಬಿಡಬಹುದು. ಆಸ್ತಿಯ ಹಕ್ಕನ್ನು ಕುರಿತ ಸಂವಿಧಾನದ 300ಎ ವಿಧಿಯ ವ್ಯಾಖ್ಯಾನದಲ್ಲಿ ಪೀಠವು ಸಾರ್ವಜನಿಕ ಉದ್ದೇಶವನ್ನೂ ಪರಿಹಾರದ ಹಕ್ಕನ್ನೂ ವಿಸ್ತಾರವಾಗಿ ತೂಗಿತು, ತೂಗಬೇಕಾದ್ದೂ ಅದನ್ನೇ. ಆದರೆ ಕಲಾವಸ್ತುವಿನ ವಿಷಯದಲ್ಲಿ ಈ ಗೆರೆ ಸಾಲದೆಂದು ತೋರುತ್ತದೆ. ಕಾರಣವನ್ನು ಪೆಟ್ರೋಗ್ರಾಡಿನಿಂದಲೇ ಎತ್ತಿಕೊಳ್ಳುತ್ತೇನೆ.

ಅಲ್ಲಿ 1918ರ ಸೆಪ್ಟೆಂಬರ್ 19ರ ಆಜ್ಞೆ ಕಲಾವಸ್ತುಗಳ ರಫ್ತನ್ನು ನಿಷೇಧಿಸಿತು. ಅಕ್ಟೋಬರ್ 5ರ ಆಜ್ಞೆ ಖಾಸಗಿಯವರ ಕೈಯಲ್ಲಿದ್ದುವನ್ನೂ ನೋಂದಾಯಿಸಬೇಕೆಂದಿತು. ಪರಿಹಾರವೆಂಬುದು ಇರಲಿಲ್ಲ, ಇದ್ದದ್ದು ಪಟ್ಟಿ. ಸಂಗ್ರಹಾಲಯದ ನೌಕರನು ಪಿಂಗಾಣಿಯ ತಳದಲ್ಲಿ ಮೆರುಗೆಣ್ಣೆಯ ತೆಳುಲೇಪ ಕೊಟ್ಟು, ಅದು ಒಣಗಿದ ಮೇಲೆ ಮಸಿಯಲ್ಲಿ ಅಂಕಿ ಬರೆದು, ಮತ್ತೊಂದು ಲೇಪದಿಂದ ಅದನ್ನು ಮುಚ್ಚಿ, ಅದೇ ಅಂಕಿಯನ್ನು ದಾಖಲೆಪುಸ್ತಕದಲ್ಲಿ ಏರಿಸುವುದು ಎಷ್ಟು ಸಣ್ಣ ಕೆಲಸ! ಆದರೂ ಆ ಅಂಕಿ ಬಿದ್ದ ಕ್ಷಣದಿಂದ ವಸ್ತುವಿಗೆ ಒಬ್ಬ ಹೊಣೆಗಾರನುಂಟು. ಮಾಸ್ಕೋದಲ್ಲಿ ಫ್ರೆಂಚ್ ಚಿತ್ರಕಾರ ಸೆಜಾನನ ಚಿತ್ರಗಳನ್ನು ಕೂಡಿಟ್ಟಿದ್ದ ಇವಾನ್ ಮೊರೋಜೋವನು, ತನ್ನ ಸಂಗ್ರಹವು ರಾಷ್ಟ್ರದ ಪಾಲಾದ ಬಳಿಕ, ಅದಕ್ಕೇ ಉಪಪಾಲಕನಾಗಿ ನೇಮಕಗೊಂಡು ಕೆಲವು ಕಾಲ ತನ್ನ ಗೋಡೆಯ ಚಿತ್ರಗಳನ್ನೇ ಜನಕ್ಕೆ ತೋರಿಸುತ್ತಿದ್ದನೆಂಬುದನ್ನು ನೆನೆದರೆ ನಗೆಯೂ ವ್ಯಥೆಯೂ ಒಟ್ಟಿಗೇ ಬರುತ್ತವೆ.

ನನ್ನ ಪ್ರತಿಪಾದನೆ ಇಷ್ಟು: ಪ್ರಭುತ್ವವು ಕಲಾನಿಧಿಯನ್ನು ಕೈಗೆತ್ತಿಕೊಂಡಾಗ, ಅದು ಮುಟ್ಟುಗೋಲೋ ಅಲ್ಲವೋ ಎಂಬುದು, ವಶಪಡಿಸಿಕೊಂಡ ದಿನದ ಹಣಕ್ಕಿಂತ ಹೆಚ್ಚಾಗಿ, ಪಾಲಕನು ಬರೆದ ಪಟ್ಟಿಯು ಆ ಪ್ರಭುತ್ವವನ್ನೇ ಕಟ್ಟಿಹಾಕಬಲ್ಲುದೇ ಎಂಬುದರಿಂದ ನಿರ್ಧಾರವಾಗುತ್ತದೆ. ಇದನ್ನು ಬಹಳ ಹಿಂಜರಿಕೆಯಿಂದಲೇ ಹೇಳುತ್ತಿದ್ದೇನೆ. ಬಲಾತ್ಕಾರದ ಕಾಲದಲ್ಲಿ ಪಟ್ಟಿ ಬರೆದವನು ಸ್ವತಂತ್ರನಾಗಿರಲಿಲ್ಲ. ಮಾಲಿಕನಿಗೆ ನ್ಯಾಯಾಲಯದ ಬಾಗಿಲೂ ಇರಲಿಲ್ಲ. ತಾತಗುಣಿಯ ಪ್ರಕರಣದಲ್ಲಿ ಹದಿನೈದು ವರ್ಷ ಆ ಬಾಗಿಲು ತೆರೆದಿತ್ತು. ಅಲ್ಲದೆ ಪಟ್ಟಿಯೇ ಶತ್ರುವಾದದ್ದೂ ಉಂಟು: 1928ರಿಂದ ಸೋವಿಯತ್ ಸರಕಾರ ವಿದೇಶಿ ಹಣಕ್ಕಾಗಿ ಹರ್ಮಿಟೇಜಿನ ಕೃತಿಗಳನ್ನು ಮಾರಲು ಹೊರಟಾಗ, ಅಮೆರಿಕದ ಮೆಲನ್ ಎಂಬ ಧನಿಕನೊಬ್ಬನೇ 1930-31ರಲ್ಲಿ 21 ಚಿತ್ರಗಳನ್ನು ಕೊಂಡನು. ಕಾಪಾಡಲು ಬರೆದ ದಾಖಲೆ ಮಾರುವವನಿಗೆ ದಾರಿತೋರಿತು. ಆದರೆ 1932ರಲ್ಲಿ ಹರ್ಮಿಟೇಜಿನ ಒರ್ಬೆಲಿ ಎಂಬ ವಿದ್ವಾಂಸ ಸ್ಟಾಲಿನನಿಗೆ ಪತ್ರ ಬರೆದು ಪ್ರಾಚೀನ ಪರ್ಷಿಯದ ಸಸಾನಿಯನ್ ಬೆಳ್ಳಿಯ ಪಾತ್ರೆಗಳನ್ನು ಉಳಿಸಿಕೊಂಡನು. ಮಾರಾಟ ಇಳಿಮುಖವಾದದ್ದು ಆ ಪತ್ರದಿಂದಲೇ ಎಂದು ಹೇಳುವ ಧೈರ್ಯ ನನಗಿಲ್ಲ. ಇಷ್ಟಾಗಿಯೂ, ಆ ಮಾರಾಟವನ್ನು ಎದುರಿಸಲು ಯಾರಿಗಾದರೂ ಆಧಾರವಿದ್ದರೆ ಅದು ಪಾಲಕನ ಜ್ಞಾನವೇ.

ಈ ಅಳತೆಗೋಲನ್ನು ತಾತಗುಣಿಗೆ ಹಿಡಿದರೆ ಚಿತ್ರ ಬೇರೆಯಾಗುತ್ತದೆ. ಇಲ್ಲಿ ಕಾಯಿದೆ ಮುಂದೆ ಬಂದಿತು, ಪಾಲಕ ಹಿಂದೆ ಉಳಿದನು. ಪೀಠದ ಮುಂದಿದ್ದ ಮುಖ್ಯ ಪ್ರಶ್ನೆ ವಸ್ತುಗಳ ಪಾಲನೆಯದಾಗಿರಲಿಲ್ಲವಾದ್ದರಿಂದ ಅದನ್ನು ತೀರ್ಪಿನಲ್ಲಿ ಹುಡುಕುವುದೂ ಅನ್ಯಾಯ. ಪರಿಹಾರವೂ ನ್ಯಾಯಾಲಯದ ಬಾಗಿಲೂ ಇದ್ದುದರಿಂದ ಮುಟ್ಟುಗೋಲೆಂಬ ಪದ ಇಲ್ಲಿ ಸಲ್ಲದು; ಪಾಲಕ ಹಿಂದೆ ಉಳಿದುದರಿಂದ ಸ್ವಾಧೀನವೆಂಬ ಪದವೂ ಅರ್ಧವೇ ಸಲ್ಲುತ್ತದೆ.

ನಾಗಸಂದ್ರದ ನನ್ನ ಮನೆಯಿಂದ ಮೆಟ್ರೊ ಹತ್ತಿ, ನಗರವನ್ನು ಉತ್ತರದಿಂದ ದಕ್ಷಿಣಕ್ಕೆ ಸೀಳಿಕೊಂಡು ಹೋಗಿ, ರೇಷ್ಮೆ ಸಂಸ್ಥೆಯ ನಿಲ್ದಾಣದಲ್ಲಿ ಇಳಿದು ಕನಕಪುರ ರಸ್ತೆಯಲ್ಲಿ ಮುಂದುವರಿದರೆ ಎಸ್ಟೇಟಿನ ಅಂಚು ಸಿಗುತ್ತದೆ. ಅಲ್ಲಿ ಬೆಳೆಸಿದ್ದು ಮೆಕ್ಸಿಕೊದಿಂದ ಬಂದ ಲಿನಲೂ ಮರ; ಅದರ ಕಾಯಿಯ ಸಿಪ್ಪೆಯಿಂದ ಸುಗಂಧತೈಲ ಇಳಿಸುತ್ತಾರೆ. ಬೆರಳಲ್ಲಿ ಉಜ್ಜಿದರೆ ಲ್ಯಾವೆಂಡರಿನಂಥ ಪರಿಮಳ. ಇದೇ ಕೃಷಿಗೆಂದು 1954ರಲ್ಲಿ ಸರಕಾರವೇ ದಂಪತಿಗಳಿಗೆ ನೂರು ಎಕರೆ ಮಂಜೂರು ಮಾಡಿತ್ತು. ಅಧಿನಿಯಮದ ಕಣ್ಣಿಗೆ ಚಿತ್ರಪಟಗಳೂ ಈ ಮರಗಳೂ ಒಂದೇ ಸ್ವತ್ತಿನ ಅಂಗಗಳು. ಚಿತ್ರಪಟದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಅಂಕಿ ಬರೆಯಬಹುದು. ಮುಪ್ಪಾಗಿ ಬೀಳುವ, ಬುಡದಲ್ಲೇ ಚಿಗುರುವ ಮರವನ್ನು ದಾಖಲೆಪುಸ್ತಕದಲ್ಲಿ ಏರಿಸುವ ಬಗೆ ಹೇಗೆ, ಅದರ ಪಾಲಕ ಯಾರು ಎಂಬುದಕ್ಕೆ ನನ್ನ ವಾದದಲ್ಲಿ ಉತ್ತರವಿಲ್ಲ. ಅರಣ್ಯಶಾಸ್ತ್ರ ಬಲ್ಲವರು ಇದನ್ನು ಮುಂದುವರಿಸಬೇಕಾಗಿದೆ.