ಬಾಟಲಿಗೂ ಮೊದಲು ದಾರಿಯಲ್ಲಿ ನೀರಿತ್ತು

ಸೈಕಲ್ಲಿಗೆ ಯಾವ ನೀರಿನ ಬಾಟಲಿ ಕೊಳ್ಳಬೇಕು? ಬೆಳಗಿನ ಜಾವ ಕೋಗಿಲು ಕ್ರಾಸ್ ದಾಟಿ ನಂದಿಬೆಟ್ಟದ ಕಡೆ ಹೊರಟವರಿಗೆ ಇದು ಅಂಗಡಿಯ ಪ್ರಶ್ನೆ. ನಮಗೆ ಇದು ಚರಿತ್ರೆಯ ಪ್ರಶ್ನೆಯೂ ಹೌದು. ಹಳೆಯ ಕಪ್ಪು ಅಟ್ಲಾಸ್, ಹೀರೋ ಸೈಕಲ್‌ಗಳಲ್ಲಿ ಕ್ಯಾರಿಯರ್, ಸ್ಟ್ಯಾಂಡ್, ಡೈನಮೊ, ಬೆಲ್ಲು ಎಲ್ಲಕ್ಕೂ ಜಾಗವಿತ್ತು. ಬಾಟಲಿಗೆ ಮಾತ್ರ ಇರಲಿಲ್ಲ.

ಏಕೆಂದರೆ ನೀರು ದಾರಿಯಲ್ಲೇ ಸಿಗುತ್ತಿತ್ತು. ದಾರಿಹೋಕರಿಗೆ ನೀರು ಕೊಡುವ ಅರವಟ್ಟಿಗೆಗಳಿಗೆ ದತ್ತಿ ಬಿಟ್ಟದ್ದನ್ನು ಕನ್ನಡದ ಶಾಸನಗಳು ಹೇಳುತ್ತವೆ. ಹೊಲಕ್ಕೆ, ಕುರಿಯ ಹಿಂದೆ ಹೋಗುವವರು ಸೋರೆ ಬುರುಡೆ ಒಯ್ಯುತ್ತಿದ್ದರು. ಉಳಿದವರಿಗೆ ಕೆರೆ, ಬಾವಿ, ಕಲ್ಯಾಣಿ. ಯುರೋಪಿನಲ್ಲೂ ಹೀಗೆಯೇ. 1903ರಲ್ಲಿ ಶುರುವಾದ ಟೂರ್ ದ ಫ್ರಾನ್ಸ್ ಪಂದ್ಯದ ಹಳೆಯ ಸವಾರರು ಹ್ಯಾಂಡಲ್ಲಿಗೆ ಲೋಹದ ಬಾಟಲಿ ಸಿಕ್ಕಿಸಿಕೊಂಡಿದ್ದರೂ, ಅದು ಸಾಲದೆ ದಾರಿಬದಿಯ ಕೆಫೆಗಳಿಗೆ ನುಗ್ಗಿ ಕುಡಿಯುತ್ತಿದ್ದರು.

ಆದರೆ ಆ ದಾರಿಯ ನೀರು ಎಲ್ಲರದೂ ಆಗಿರಲಿಲ್ಲ. ಸಾರ್ವಜನಿಕ ಕೆರೆಯೊಂದರ ನೀರು ಮುಟ್ಟಲು 1927ರಲ್ಲಿ ಅಂಬೇಡ್ಕರ್ ಮಹಾಡ್‌ನಲ್ಲಿ ಸತ್ಯಾಗ್ರಹ ಮಾಡಬೇಕಾಯಿತು. ಮೇಲಿನಿಂದ ಬೊಗಸೆಗೆ ಸುರಿಸಿಕೊಂಡು ಕುಡಿದವರಿಗೆ, ತಮ್ಮದೇ ಬಾಟಲಿ ಎಂಬುದು ಸಣ್ಣ ಬಿಡುಗಡೆಯಲ್ಲ.

ಇತ್ತ ಬೆಂಗಳೂರಿನ ನೀರು ದಾರಿ ಬಿಟ್ಟು ಕೊಳವೆ ಸೇರಿತು. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಗೆ 1894ರಲ್ಲಿ ಹೆಸರಘಟ್ಟದಲ್ಲಿ, 1933ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿ ಜಲಾಶಯ ಕಟ್ಟಿದರು. 1974ರಲ್ಲಿ ಕಾವೇರಿ ಬಂತು. ಕೊಳವೆ ಮನೆ ಮುಟ್ಟಿತು, ದಾರಿಹೋಕರನ್ನು ಮರೆಯಿತು. ಇಂದಿನ ಶುದ್ಧ ನೀರಿನ ಘಟಕವೂ ಅಷ್ಟೇ: ನಾಣ್ಯ ಹಾಕಿದರೆ ಮನೆಯ 20 ಲೀಟರ್ ಕ್ಯಾನ್ ತುಂಬುತ್ತದೆ, ಸೈಕಲ್ಲಿನವರ ಬಾಟಲಿಗೆ ಅಲ್ಲಿ ಲೆಕ್ಕವಿಲ್ಲ.

ಈಗ ಅಂಗಡಿಗೆ ಬರೋಣ. ಹೊಸ ಸೈಕಲ್ಲಿನ ಫ್ರೇಮಿನಲ್ಲಿ 64 ಮಿ.ಮೀ. ಅಂತರದಲ್ಲಿ ಎರಡು ತಿರುಪಿನ ತೂತುಗಳಿರುತ್ತವೆ; ಬಾಟಲಿಯ ಗೂಡು ಕೂರುವುದು ಅಲ್ಲಿ. ಗೂಡಿಗೆ ಸರಿಹೊಂದುವುದು ಸುಮಾರು 73-74 ಮಿ.ಮೀ. ದಪ್ಪದ ಬಾಟಲಿ. ಒತ್ತಿದರೆ ನೀರು ಚಿಮ್ಮುವ ಮೆತ್ತನೆಯದು ಓಡಿಸುತ್ತಲೇ ಕುಡಿಯಲು ಅನುಕೂಲ. ಸ್ಟೀಲಿನದು ಗಟ್ಟಿ, ಆದರೆ ಭಾರ, ಒತ್ತಲೂ ಬಾರದು. ಬಾಯಿ ಅಗಲವಿದ್ದರೆ ಕೈ ಹಾಕಿ ತೊಳೆಯಬಹುದು, ಕೊಡದಿಂದಲೂ ತುಂಬಬಹುದು. ಕೋಗಿಲಿನಿಂದ ನಂದಿಗೆ 40 ಕಿ.ಮೀ.ಗೂ ಹೆಚ್ಚು, ಕೊನೆಗೆ ಏರು, 750 ಮಿ.ಲೀ.ನ ಎರಡು ಬೇಕು.

ಅದೇ ರಸ್ತೆಯಲ್ಲಿ ಕೆಲಸಕ್ಕೆ ಹೋಗುವ ಗಾರೆಯವರ ಹ್ಯಾಂಡಲ್ಲಿನ ಚೀಲದಲ್ಲಿ, ಯಾರೋ ಕುಡಿದು ಬಿಟ್ಟ ಪೆಟ್ ಬಾಟಲಿ ಮತ್ತೆ ಮತ್ತೆ ತುಂಬಿಕೊಂಡು ತೂಗುತ್ತಿರುತ್ತದೆ. ಅವರ ಸೈಕಲ್ಲಿಗೆ ಗೂಡಿಲ್ಲ, ಅವರು ಬಾಟಲಿ ಆರಿಸುವುದೂ ಇಲ್ಲ. ಹಿಂದೆ ದಾರಿಯ ನೀರಿಗೆ ಜಾತಿ ಬಾಗಿಲಾಗಿತ್ತು, ಈಗ ದುಡ್ಡು. ಎಷ್ಟು ದೊಡ್ಡ ಬಾಟಲಿ ಬೇಕು ಎಂದು ಲೆಕ್ಕ ಹಾಕುವಾಗ, ಮುಂದಿನ ಪುಕ್ಕಟೆ ನಲ್ಲಿ ಎಷ್ಟು ದೂರ ಎಂದೂ ನಾವು ಕೇಳಬೇಕು. ಆ ದೂರ ಕಡಿಮೆಯಾದಷ್ಟೂ ಬಾಟಲಿ ಚಿಕ್ಕದಾದರೂ ನಡೆಯುತ್ತದೆ, ಎಲ್ಲರಿಗೂ.