ಕಾಡಿನೊಳಗೆ ಸೈಕಲ್ಲು, ಎಪ್ಪತ್ತೈದು ವರ್ಷದ ಲೆಕ್ಕ

ಪೋಸ್ಟ್ ಉದ್ದ ಇದೆ. ಪುರುಸೊತ್ತು ಮಾಡಿಕೊಂಡು ಓದಿ, ಕೊನೆಗೆ ನಮಗೆಲ್ಲ ಒಂದು ಕೆಲಸ ಇದೆ.

ಕಳೆದ ಚಳಿಗಾಲದಲ್ಲಿ ನಾನು, ನನ್ನ ಗೆಳೆಯ ಸೈಕಲ್ ಹತ್ತಿ ಮೂರು ದಿನ ಕಲಘಟಗಿ ಕಾಡು ತಿರುಗಿದ್ವಿ. ಗೇರು ಪಾರು ಇಲ್ಲದ, ಹಿಂದೆ ಕ್ಯಾರಿಯರ್ ಇರುವ ಹಳೇ ಸೈಕಲ್ಲು. ಕ್ಯಾರಿಯರ್ ಮೇಲೆ ಕಂಬಳಿ, ರೊಟ್ಟಿ ಗಂಟು, ಒಂದು ನೋಟ್‌ಬುಕ್. ಹೊರಡೋ ಮುಂದ ಅವ್ವ ಕೇಳಿದ್ಲು: "ಯಾರದರ ಮದುವಿ ಐತೇನು? ಯಾರರ ಸತ್ತಾರೇನು?" ಯಾವುದೂ ಇಲ್ಲವ್ವ, ಸುಮ್ನ ತಿರುಗಾಡಿ ಬರ್ತೀವಿ ಅಂದೆ. "ಕೆಲಸ ಇಲ್ದ ಅಡವಿಗೆ ಯಾರರ ಹೋಗ್ತಾರೇನೋ" ಅಂದ್ಲು.

ಅವ್ವನ ಮಾತು ತಮಾಷೆಯದಲ್ಲ. ನಮ್ಮ ಮಂದಿ ಕಾಡಿಗೆ ಹೋಗಿದ್ದು ಕಟಿಗಿಗೆ, ಕೂಪಿನ ಕೂಲಿಗೆ, ಇಲ್ಲಾ ಬಿಟ್ಟಿ ಚಾಕರಿಗೆ. ಸುಮ್ಮನೆ ಹೋದವರು ಸಾಹೇಬರು. ಬ್ರಿಟಿಷ್ ಅಧಿಕಾರಿ ಚಳಿಗಾಲದಲ್ಲಿ ಸವಾರಿ ಹೊರಟರೆ ಮುಂದೆ ಮುಂದೆ ಅವನ ಡೇರೆ ಹೋಗಬೇಕು, ಕುರ್ಚಿ ಮೇಜು ಹೋಗಬೇಕು. ಅದನ್ನು ಊರಿಂದ ಊರಿಗೆ ದಾಟಿಸುವ ಪಾಳಿ ಕೇರಿಯವರದು. ಸಾಹೇಬರು ಕಂಡ ಹುಲಿ, ಹಕ್ಕಿ, ಜಲಪಾತ ಎಲ್ಲಾ ಪುಸ್ತಕ ಆದವು. ಡೇರೆ ಹೊತ್ತವರ ಹೆಸರು ಎಲ್ಲೂ ಬರಲಿಲ್ಲ.

ನಾವು ದಾರಿ ಮೇಲೆ ಹೋಗೂದೇ ಒಂದು ಚರಿತ್ರೆ. ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಓದಿದವರಿಗೆ ಇದು ಗೊತ್ತು. 1901ರಲ್ಲಿ ಹುಡುಗ ಭೀಮ ಅಪ್ಪನ ಕಡೆ ಗೋರೆಗಾಂವ್‌ಗೆ ಹೊರಟಾಗ ಗಾಡಿಯವನು ದುಪ್ಪಟ್ಟು ಬಾಡಿಗೆ ತಗೊಂಡೂ ಗಾಡಿ ಹೊಡೆಯಲಿಲ್ಲ, ಹುಡುಗರೇ ಹೊಡೆದರು. 1929ರಲ್ಲಿ ಅವರು ಬ್ಯಾರಿಸ್ಟರ್, ಮುಂಬಯಿ ಸರ್ಕಾರ ನೇಮಿಸಿದ ಸಮಿತಿಯ ಸದಸ್ಯ. ಅಸ್ಪೃಶ್ಯರ ಕಷ್ಟ ವಿಚಾರಿಸುವ ಆ ಸಮಿತಿಯ ಪ್ರವಾಸದಲ್ಲೇ ಚಾಳೀಸಗಾಂವ್‌ನಲ್ಲಿ ಟಾಂಗಾದವರು ಅವರನ್ನು ಕೂರಿಸಿಕೊಂಡು ಓಡಿಸಲು ಒಪ್ಪಲಿಲ್ಲ. ಟಾಂಗಾ ಹೊಡೆದು ಗೊತ್ತಿಲ್ಲದ ನಮ್ಮವನೊಬ್ಬ ಹಗ್ಗ ಹಿಡಿದ. ಸೇತುವೆ ಮೇಲೆ ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರೀತು. ನಮ್ಮ ಧಾರವಾಡ ಜಿಲ್ಲೆಯೂ ಆಗ ಅದೇ ಮುಂಬಯಿ ಪ್ರಾಂತ್ಯದೊಳಗಿತ್ತು.

ಹಂಗಾಗಿ ನನಗೆ ಸೈಕಲ್ ಅಂದ್ರ ಬರೀ ಸೈಕಲ್ ಅಲ್ಲ. ಗಾಡಿಯವನ ಜಾತಿ ಕೇಳಬೇಕಾಗಿಲ್ಲ, ಅವನು ನಮ್ಮ ಜಾತಿ ಕೇಳೋ ಹಂಗಿಲ್ಲ. ನಮ್ಮ ಕಾಲು, ನಮ್ಮ ಗಾಡಿ. ಅಪ್ಪ ಹೇಳ್ತಿದ್ದ, ಅವನ ಕಾಲದಾಗ ಗೌಡರ ಮನಿ ಮುಂದ ಸೈಕಲ್ ಇಳಿದು ತಳ್ಳಿಕೊಂಡು ಹೋಗಬೇಕಿತ್ತಂತ.

ಕುಂದಗೋಳ, ನವಲಗುಂದ, ಅಣ್ಣಿಗೇರಿ ಕಡೆಯವರಿಗೆ ಕಾಡು ಅಂದರೆ ದೂರದ ಮಾತು. ನಮ್ಮದು ಎರಿ ಭೂಮಿ. ಕಣ್ಣು ಹಾಯಿಸಿದಷ್ಟು ದೂರ ಕಡಲಿ, ಗೋಧಿ, ಜೋಳ, ನಡುವೆ ಒಂದೊಂದು ಬೇವು, ಜಾಲಿ. ಹುಬ್ಬಳ್ಳಿ ದಾಟಿ ಕಲಘಟಗಿ ದಾರಿ ಹಿಡಿದರೆ ಮಣ್ಣು ಕೆಂಪಾಗ್ತದೆ, ಜೋಳ ಹೋಗಿ ಭತ್ತ ಬರ್ತದೆ, ಗಾಳಿಗೆ ತಂಪು ಬರ್ತದೆ. ಇದು ಬೇಡ್ತಿ ಹೊಳೆಯ ಸೀಮೆ. ಈ ಹೊಳೆಗೆ ಕಟ್ಟಿದ ನೀರಸಾಗರದ ನೀರನ್ನೇ ಹುಬ್ಬಳ್ಳಿ ಕುಡಿದಿದ್ದು. ಮುಂದೆ ಇದೇ ಹೊಳೆ ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಅನ್ನಿಸಿಕೊಂಡು ಸಮುದ್ರ ಸೇರ್ತದೆ. ಕಲಘಟಗಿ ಬಿಟ್ಟು ದೇವಿಕೊಪ್ಪ, ತಂಬೂರು ಕಡೆ ಹೊರಳಿದ್ರ ತೇಗ, ಮತ್ತಿ, ಹೊನ್ನೆ, ಬಿದಿರು ಶುರು. ಅಲ್ಲಿಂದ ಕಿರವತ್ತಿ, ಯಲ್ಲಾಪುರ, ಹಳಿಯಾಳ, ದಾಂಡೇಲಿ ತನಕ ಒಂದೇ ಅಡವಿ. ಜಿಲ್ಲೆ ಗಡಿ ಮನುಷ್ಯರಿಗೆ ಮಾತ್ರ.

ಈ ಅಡವಿಗೊಂದು ಬರೆದಿಟ್ಟ ಚರಿತ್ರೆ ಇದೆ. 1847ರಲ್ಲಿ ಡಾಕ್ಟರ್ ಅಲೆಕ್ಸಾಂಡರ್ ಗಿಬ್ಸನ್ ಮುಂಬಯಿ ಪ್ರಾಂತ್ಯದ ಮೊದಲ ಅರಣ್ಯ ಸಂರಕ್ಷಣಾಧಿಕಾರಿ ಆದ. ಗಡಿಯಾಚೆಯ ಕೆನರಾ 1862ರ ತನಕ ಮದ್ರಾಸಿನ ಕೈಯಲ್ಲಿತ್ತು, ಆಮೇಲೆ ಅದರ ಉತ್ತರ ಭಾಗ ಮುಂಬಯಿಗೆ ಬಂತು. ಕಾಡು ಕಡಿದು, ಸುಟ್ಟು, ಒಂದೆರಡು ವರ್ಷ ರಾಗಿ ಬೆಳೆದು ಮುಂದಕ್ಕೆ ಹೋಗುವ ಕುಮರಿ ಬೇಸಾಯವನ್ನು ಎರಡೂ ಕಡೆ ಬಿಗಿ ಮಾಡುತ್ತಾ ಬಂದರು. 1865ರಲ್ಲಿ ಮೊದಲ ಅರಣ್ಯ ಕಾಯ್ದೆ. 1878ರ ಕಾಯ್ದೆ ಅಡವಿಯನ್ನು ರಿಸರ್ವ್, ಪ್ರೊಟೆಕ್ಟೆಡ್, ಗ್ರಾಮ ಅರಣ್ಯ ಅಂತ ಮೂರು ಮಾಡಿತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂದಾಗ ಹಳಿ ಕೆಳಗೆ ಹಾಸಲಿಕ್ಕೆ ಮರ ಬೇಕಾಯ್ತು. ನಮ್ಮ ಅಳ್ನಾವರದಿಂದ ದಾಂಡೇಲಿಗೆ ಹಳಿ ಎಳೆದಿದ್ದೇ ಮರ ಸಾಗಿಸಲಿಕ್ಕೆ. 1927ರ ಕಾಯ್ದೆ ಇವತ್ತಿಗೂ ಇದೆ.

ಹೀಗೆ ಸುಡುವ ಬಡವನಿಗೆ ದಂಡ, ಕಡಿಯುವ ಸರ್ಕಾರಕ್ಕೆ ಹಳಿ. ಕಡಿದ ಕೈ ಮಾತ್ರ ಎರಡೂ ಕಡೆ ಬಡವನದೇ.

ನನ್ನ ಅವ್ವನ ತಂದೆ ಕೂಪಿನಾಗ ದುಡಿದವನು. ಕೂಪಿನಲ್ಲಿ ಕಡಿದ ಪ್ರತಿಯೊಂದು ದಿಮ್ಮಿಗೆ ಸುತ್ತಳತೆ ಬರೀತಾರೆ, ನಂಬರ್ ಹಾಕ್ತಾರೆ, ತುದಿಗೆ ಸುತ್ತಿಗೆಯಿಂದ ಮುದ್ರೆ ಹೊಡೀತಾರೆ. ಯಾವ ಮರ ಯಾವ ಡಿಪೋಗೆ ಹೋಯ್ತು ಅಂತ ರಿಜಿಸ್ಟರ್ ಇರ್ತದ. ನಮ್ಮಜ್ಜ ಅಲ್ಲೇ ದುಡಿದ, ಅಲ್ಲೇ ಸತ್ತ. ಅವನು ಅಲ್ಲಿದ್ದ ಅನ್ನೋದಕ್ಕೆ ಒಂದು ಚೀಟಿ ಇಲ್ಲ. ಮರಕ್ಕೆ ನಂಬರ್ ಇತ್ತು, ಅಜ್ಜನಿಗೆ ಇರಲಿಲ್ಲ.

ಈ ಚೀಟಿ ಯಾಕೆ ಬೇಕು ಅಂತೀರಾ? ಅರಣ್ಯ ಹಕ್ಕು ಕಾಯ್ದೆ 2006ರದು, ಜಾರಿಗೆ ಬಂದಿದ್ದು 2007ರ ಕೊನೆಗೆ. ಪರಿಶಿಷ್ಟ ಪಂಗಡದವರು 13 ಡಿಸೆಂಬರ್ 2005ಕ್ಕಿಂತ ಮೊದಲು ಆ ಅಡವಿಯಲ್ಲಿ ವಾಸವಿದ್ದು, ಭೂಮಿ ಅನುಭವದಲ್ಲಿದ್ದರೆ ಹಕ್ಕು ಕೇಳಬಹುದು. ದಲಿತರು ಈ ಕಾಯ್ದೆಯ ಕಣ್ಣಿಗೆ ದಲಿತರಲ್ಲ, "ಇತರೆ ಪಾರಂಪರಿಕ ಅರಣ್ಯವಾಸಿ". ಅವರು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ಬದುಕಿದ್ದು ತೋರಿಸಬೇಕು. ಲೆಕ್ಕ ಹಾಕಿ: 13 ಡಿಸೆಂಬರ್ 1930.

ಆ ದಿನ ನಾವು ಎಲ್ಲಿದ್ವಿ? ಅದೇ ವರ್ಷ ಮಾರ್ಚಿನಲ್ಲಿ ನಾಸಿಕ್‌ನ ಕಾಳಾರಾಮ ಗುಡಿ ಬಾಗಿಲಲ್ಲಿ ಸತ್ಯಾಗ್ರಹ ಶುರುವಾಗಿತ್ತು, ಬಾಗಿಲು ತೆರೆದಿರಲಿಲ್ಲ. ಡಿಸೆಂಬರಿನಲ್ಲಿ ಬಾಬಾಸಾಹೇಬರು ಲಂಡನ್ನಿನಲ್ಲಿ, ಮೊದಲ ದುಂಡುಮೇಜಿನ ಪರಿಷತ್ತಿನಲ್ಲಿ, ನಾವೂ ಮನುಷ್ಯರು ಅಂತ ವಾದಿಸ್ತಿದ್ರು. ಇಲ್ಲಿ ಕರ್ನಾಟಕದಲ್ಲಿ ಅರಣ್ಯ ಸತ್ಯಾಗ್ರಹ ನಡೆದದ್ದೂ ಅದೇ ವರ್ಷ. ಅಂಥಾ ಕಾಲದಲ್ಲಿ ಕೇರಿಯವನ ಹೆಸರನ್ನು ಯಾವ ಶಾನುಭೋಗ ಯಾವ ವಹಿಯಲ್ಲಿ ಬರೆದಿದ್ದಾನು? ಹೊರಗಿಟ್ಟವರ ಹತ್ತಿರವೇ ಒಳಗಿದ್ದದ್ದಕ್ಕೆ ಸಾಕ್ಷಿ ಕೇಳೋದು ಇದು.

ತಪ್ಪು ತಿಳೀಬ್ಯಾಡ್ರಿ, ಬುಡಕಟ್ಟಿನವರ ಹಕ್ಕಿನ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಅವರಿಗೂ ಗೆರೆ ಎಳೆದು ಆಟ ಆಡಿಸಿದ್ದಾರೆ. ಸಿದ್ದಿ ಸಮುದಾಯ ಉತ್ತರ ಕನ್ನಡದಲ್ಲಿ 2003ರಲ್ಲಿ ಪರಿಶಿಷ್ಟ ಪಂಗಡ ಆಯ್ತು. ಅದೇ ಸಿದ್ದಿ ಗಡಿ ದಾಟಿ ಧಾರವಾಡ, ಬೆಳಗಾವಿ ಜಿಲ್ಲೆಯಲ್ಲಿದ್ದರೆ 2020ರ ತನಕ ಕಾಯಬೇಕಾಯ್ತು. ಅದೇ ಕಾಡು, ಅದೇ ಕುಲ, ಅಣ್ಣ ಆಚೆ, ತಂಗಿ ಈಚೆ. ನಾವು ಸೈಕಲ್ ಮೇಲೆ ಆ ಗಡಿ ದಾಟಿದ್ದು ಒಂದು ಬೋರ್ಡು ನೋಡಿದಾಗಷ್ಟೇ ಗೊತ್ತಾಯ್ತು.

ಈಗ ಸೈಕಲ್ ಯಾಕೆ ಅನ್ನೋದು ಹೇಳ್ತೀನಿ. ಮೋಟಾರ್ ಸೈಕಲ್ ಸದ್ದು ಕೇಳಿದರೆ ಕಾಡಂಚಿನ ಮನೆಯವರು ಯಾರೋ ಅಧಿಕಾರಿ ಬಂದ್ರು ಅಂತ ಬಾಗಿಲು ಮುಂದ ಮಾಡ್ತಾರೆ. ಸೈಕಲ್ ಬಂದರೆ "ಎಲ್ಲಿಯವ್ರಪಾ, ನೀರು ಕುಡೀತೀರೇನು" ಅಂತಾರೆ. ಎರಡನೇ ದಿನ ಮಧ್ಯಾಹ್ನ ಗೆಳೆಯನ ಸೈಕಲ್ ಪಂಕ್ಚರ್ ಆಗಿ, ಒಂದು ಕೇರಿ ಮುಂದ ಕುಂತ್ವಿ. ಒಬ್ಬ ಅಜ್ಜಿ ಟ್ಯೂಬ್ ಅದ್ದಿ ನೋಡಲಿಕ್ಕೆ ಬೋಗುಣಿ ನೀರು ಕೊಟ್ಟು, ಕುಂತು ಮಾತಾಡಿದಳು. ಅವರ ಅರ್ಜಿ ದಾಖಲೆ ಇಲ್ಲ ಅಂತ ತಿರಸ್ಕಾರ ಆಗಿತ್ತು.

"ಎಷ್ಟು ವರ್ಷ ಆತಬೇ ನೀವು ಇಲ್ಲಿಗೆ ಬಂದು?" ಅಂದೆ.

"ವರ್ಷ ಯಾರಿಗೆ ಗೊತ್ತಪಾ. ನಮ್ಮವ್ವ ಮದುವಿ ಆಗಿ ಬಂದಾಗ ಬಿದರ ಹೂವು ಬಿಟ್ಟಿತ್ತಂತ. ಬಿದರಕ್ಕಿ ಗಂಜಿ ಕಾಸಿ ಮದುವಿ ಊಟ ಹಾಕಿದ್ರಂತ. ಮತ್ತ ಬಿದರ ಹೂವು ಬಿಟ್ಟಾಗ ನನ್ನ ಸಣ್ಣ ಮಗ ಸೊಂಟದ ಮ್ಯಾಲಿದ್ದ."

ನಾನು ನೋಟ್‌ಬುಕ್ ತೆಗೆದೆ. ನಮ್ಮ ಕಡೆಯ ದೊಡ್ಡ ಬಿದಿರು ಸುಮಾರು ನಲವತ್ತರಿಂದ ಐವತ್ತು ವರ್ಷಕ್ಕೊಮ್ಮೆ ಹೂ ಬಿಟ್ಟು, ಅಕ್ಕಿ ಉದುರಿಸಿ, ಸಾಯ್ತದೆ. ಸಣ್ಣ ಮಗನ ಶಾಲೆ ದಾಖಲಾತಿ ಇತ್ತು. 2005ಕ್ಕೆ ಅವನಿಗೆ ಮೂವತ್ತೆರಡು. ಎರಡನ್ನೂ ಕೂಡಿಸಿ ನೋಡಿ, ಎಪ್ಪತ್ತೈದರ ಹತ್ತಿರ ಬಂತು, ದಾಟಿದರೂ ದಾಟೀತು. ಮನೆ ಹಿಂದೆ ಅವಳ ಅಪ್ಪ ತೋಡಿದ ಬಾವಿ, ಹಳ್ಳದ ದಂಡಿಗೆ ಮೂರು ತಲೆಮಾರಿನ ಮಸಣ. ರಿಜಿಸ್ಟರಿನಲ್ಲಿ ಇಲ್ಲದ್ದು ಅಡವಿಗೆ ನೆನಪಿತ್ತು.

ಇನ್ನು ಕೆಲಸದ ಮಾತು. ಕಾಗದ ಒಂದೇ ಸಾಕ್ಷಿ ಅಂತ ಕಾಯ್ದೆ ಹೇಳೋದೇ ಇಲ್ಲ. ನಿಯಮ 13 ತೆಗೆದು ಓದಿ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆ ಬರೆದುಕೊಂಡರೆ ಅದೂ ಪುರಾವೆ. ಬಾವಿ, ಮಸಣ, ದೇವರ ಜಾಗ ಪುರಾವೆ. ಒಂದಕ್ಕಿಂತ ಹೆಚ್ಚು ಪುರಾವೆ ಇರಬೇಕು, ಅಷ್ಟೇ. 2012ರ ತಿದ್ದುಪಡಿ ಪ್ರಕಾರ ಇಂಥದ್ದೇ ದಾಖಲೆ ತಾ ಅಂತ ಸಮಿತಿ ಹಟ ಮಾಡೋ ಹಂಗಿಲ್ಲ, ತಿರಸ್ಕರಿಸಿದರೆ ಕಾರಣ ಬರೆದು ತಿಳಿಸಬೇಕು. ಇನ್ನೊಂದು ಮುಖ್ಯ ಮಾತು: 75 ವರ್ಷ ಅನ್ನೋದು ಅಡವಿಯಲ್ಲಿ ವಾಸ ಮತ್ತು ಅವಲಂಬನೆಗೆ. ಅದೇ ತುಂಡು ಹೊಲವನ್ನು 75 ವರ್ಷ ಉಳಬೇಕು ಅಂತ ಇಲ್ಲ. ಇದು ಗೊತ್ತಿಲ್ಲದೆ ಎಷ್ಟು ಮಂದಿ ಸುಮ್ಮನೆ ಕೂತಿದ್ದಾರೆ.

ಆದರೆ ಹೇಳಿಕೆ ಕೊಡುವ ಹಿರಿಯರಿಗೆ ಎಂಬತ್ತು ದಾಟಿದೆ. ಅವರು ಹೋದರೆ ಆ ಪುರಾವೆಯೂ ಹೋಯ್ತು. ಅದಕ್ಕೆ ಮಳೆಗಾಲಕ್ಕಿಂತ ಮೊದಲು ನಾಲ್ಕೈದು ಜನ ಸೈಕಲ್ ತಗೊಂಡು ಮತ್ತೆ ಹೋಗ್ತೀವಿ. ಅವಸರ ಇಲ್ಲ, ದಿನಕ್ಕೆರಡು ಕೇರಿ. ಕೂತು ಕೇಳೋದು, ಅವರ ಮಾತಲ್ಲೇ ಬರೆಯೋದು, ಓದಿ ಹೇಳಿ ಹೆಬ್ಬೆಟ್ಟು ಹಾಕಿಸೋದು, ಅರಣ್ಯ ಹಕ್ಕು ಸಮಿತಿಗೆ ಕೊಟ್ಟು ಸ್ವೀಕೃತಿ ತಗೊಳ್ಳೋದು. ಬರುವವರು ಇನ್‌ಬಾಕ್ಸ್‌ಗೆ ಬನ್ನಿ. ಸೈಕಲ್ ಇಲ್ಲದವರಿಗೆ ಒಂದು ಹೊಂದಿಸೋಣ. ಪಂಕ್ಚರ್ ಸಾಮಾನು ಮರೀಬ್ಯಾಡ್ರಿ.

ವಾಪಸ್ ಬಂದಾಗ ಅವ್ವ ಮತ್ತೆ ಕೇಳಿದ್ಲು, "ಏನ್ ತಂದೀ ಅಡವಿಂದ?" ನೋಟ್‌ಬುಕ್ ತೋರಿಸಿದೆ. ಅವಳಿಗೆ ಓದಲಿಕ್ಕೆ ಬರೂದಿಲ್ಲ. ಓದಿ ಹೇಳಿದೆ. ಬಿದಿರಕ್ಕಿ ಮಾತು ಬಂದಾಗ ತಡೆದಳು. "ನಮ್ಮಪ್ಪನೂ ಅದನ್ನ ಹೇಳ್ತಿದ್ದ. ಅದನ್ನೂ ಬರಕೋ."

ಬರಕೊಂಡೆ. ಜೈ ಭೀಮ್.